ಬಾಣ ಕಿತ್ತ ಕಲ್ಲು

ಟೈಲ್ಸ್ ಕಂಡರೆ ನನಗೆ ಆಗುವುದಿಲ್ಲ. ಬಚ್ಚಲಿಗೆ ಹಾಕಿ, ಅಡುಗೆಮನೆಗೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮ ಕಡೆ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕೂಡಲೇ ಜನ ಹುಡುಕಿಕೊಂಡು ಹೋಗುವುದು ಒಂದು ಹಳೆಯ ಗುಡಿಯನ್ನು. ಸಿಕ್ಕಿದರೆ ಮುಗಿಯಿತು. ಶತಮಾನಗಟ್ಟಲೆ ಮಳೆ ಗಾಳಿಗೆ ಬಗ್ಗದ ಕಲ್ಲು ಇವರ ಭಕ್ತಿಯ ಮುಂದೆ ಒಂದು ವಾರ ನಿಲ್ಲುವುದಿಲ್ಲ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಮಾಧಾನವಾದ ಮೇಲೆ ಬರೆಯೋಣ ಎಂದು ಎರಡು ಸಂಕ್ರಾಂತಿ ಕಾದೆ, ಸಮಾಧಾನ ಬರಲಿಲ್ಲ.

ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದೇನೆ. ಮೆಷಿನ್‌ನಿಂದ ಬಂದ ಭಾಗವನ್ನು ಬೆಳಕಿಗೆ ಹಿಡಿದು ನೋಡುವುದು, ಮೇಲೆ ಗೀರು ಇದ್ದರೆ ಅದು ಎಲ್ಲಿಂದ ಬಂತು ಎಂದು ಹೇಳುವುದು, ಸರಿ ಇಲ್ಲದಿದ್ದರೆ ವಾಪಸು ಕಳಿಸುವುದು ನನ್ನ ಕೆಲಸ. ಅದರಿಂದಾಗಿ ನಾನು ಎಲ್ಲದರಲ್ಲೂ ಕೊಂಕು ಹುಡುಕುತ್ತೇನೆ ಎಂದು ಕ್ವಾರ್ಟರ್ಸ್‌ನ ಗೆಳತಿಯರು ಆಡಿಕೊಳ್ಳುತ್ತಾರೆ. ಹುಡುಕುತ್ತೇನೆ, ಅದಕ್ಕೇ ನನಗೆ ಸಂಬಳ ಕೊಡುವುದು. ಹುಟ್ಟಿದ ಊರು ಕ್ಯಾಸಂಬಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ರಾಗಿ, ಟೊಮೆಟೊ, ಮನೆಗೆರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನುಗಳ ಸಾಲು. ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ನನ್ನ ಸೋದರತ್ತೆ, ಅಪ್ಪನ ಅಕ್ಕ, ಇದ್ದಾಳೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ಹೊಲದಲ್ಲಿದ್ದಾಗ ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಈಗಲೂ ಒಂದು ಹಸು ಅವಳದೇ ಎಂದು ಇರುತ್ತದೆ. ಅದರ ಹುಲ್ಲು, ಸಗಣಿ, ಕರೆಯುವುದು, ಬಯ್ಯುವುದು ಎಲ್ಲವೂ ಅವಳದು. ಬೇರೆಯವರು ಕೈ ಹಾಕಿದರೆ ಆಗದು.

ನಮ್ಮೂರ ಕೆರೆಯ ಕಟ್ಟೆಯ ಮೇಲೆ ಒಂದು ವೀರಗಲ್ಲು ಇತ್ತು. ನನ್ನ ಎದೆಯ ಎತ್ತರಕ್ಕೆ ಬರುವ ಕಪ್ಪು ಚಪ್ಪಡಿ. ನಡುವೆ ಒಬ್ಬ ಗಂಡಸು, ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಕಿರುಗತ್ತಿ, ಒಂದು ಕಾಲು ಮುಂದಿಟ್ಟು ನಿಂತಿದ್ದ. ಎದೆಯಲ್ಲಿ ಎರಡು ಬಾಣ, ತೊಡೆಯಲ್ಲಿ ಒಂದು. ಮುಖ ಸವೆದು ನುಣ್ಣಗಾಗಿತ್ತು. ಕಲ್ಲಿನ ಕೆಳಗಡೆ ಒಂದೇ ಸಾಲಿನಲ್ಲಿ ದನಗಳು ನಡೆದು ಹೋಗುತ್ತಿದ್ದವು. ಕೊನೆಯ ಹಸು ಮಾತ್ರ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು. ಅಂಚಿನ ಸುತ್ತ ಹಳೆಗನ್ನಡದ ಅಕ್ಷರ. ಊರಿನವರು ಅವನನ್ನು ಕಟ್ಟೆಯಣ್ಣ ಎನ್ನುತ್ತಿದ್ದರು. ದೇವರು ಎಂದು ಯಾರೂ ಅನ್ನುತ್ತಿರಲಿಲ್ಲ. ಅಣ್ಣ, ಅಷ್ಟೆ.

ಅವನಿಗೆ ಪೂಜಾರಿ ಇರಲಿಲ್ಲ, ಬಾಗಿಲಿರಲಿಲ್ಲ, ತೇರು ಜಾತ್ರೆ ಏನೂ ಇರಲಿಲ್ಲ. ಇದ್ದದ್ದು ಒಂದೇ ಪದ್ಧತಿ. ಹಸು ಕರು ಹಾಕಿದ ಮನೆಯವರು ಮೊದಲು ಕರೆದ ಗಿಣ್ಣುಹಾಲನ್ನು ಚೊಂಬಿನಲ್ಲಿ ತಂದು ಅವನ ಎದೆಗೆ, ಬಾಣ ನೆಟ್ಟ ಜಾಗಕ್ಕೆ, ಬಿಡಬೇಕು. ಬಿಟ್ಟು ಬಂದ ಮೇಲೆಯೇ ಆ ಹಸುವಿನ ಹಾಲನ್ನು ಮನೆಯವರು ಬಾಯಿಗೆ ಇಡುವುದು, ಡೇರಿಗೆ ಹಾಕುವುದು. ಬಿಡುವ ತನಕ ಹಾಲು ಮನೆಯದಲ್ಲ. ನಮ್ಮ ಕಡೆ ಸತ್ತವರ ಗುಂಡಿಯ ಮೇಲೆ ಹಾಲುತುಪ್ಪ ಬಿಡುತ್ತಾರಲ್ಲ, ಹಾಗೆಯೇ ಇದು. ಡೇರಿಯ ಸೆಕ್ರೆಟರಿ, ಸದಾ ಗಡಿಬಿಡಿಯಲ್ಲಿರುವ ಮನುಷ್ಯ, ಅವನೂ ಹೊಸ ಹಾಲು ಬಂದರೆ ಕಟ್ಟೆಗೆ ಬಿಟ್ಟಾಯಿತಾ ಎಂದು ಕೇಳಿಯೇ ಕ್ಯಾನಿಗೆ ಸುರಿಸಿಕೊಳ್ಳುತ್ತಿದ್ದ.

ಯಾರು ಬೇಕಾದರೂ ಬಿಡಬಹುದಿತ್ತು. ನಾವೂ ಬಿಡುತ್ತಿದ್ದೆವು, ಕಾಲೊನಿಯವರೂ ಬಿಡುತ್ತಿದ್ದರು. ಊರ ರಾಮರ ಗುಡಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಜನಕ್ಕೆ ಹುಟ್ಟಿದಾಗಲೇ ಹೇಳಿಕೊಟ್ಟಿರುತ್ತಾರೆ, ಕಟ್ಟೆಯ ಮೇಲೆ ಮಾತ್ರ ಆ ಲೆಕ್ಕಾಚಾರ ಇರಲಿಲ್ಲ. ನಮ್ಮತ್ತೆಯ ವಿಷಯ ಇನ್ನೂ ಬೇರೆ. ಮದುವೆ ಮನೆಯಲ್ಲಿ ಅವಳು ಹಿಂದಿನ ಸಾಲು. ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವವರಿಲ್ಲ. ಹೊಸ ಬಸ್ಸು ಊರಿಗೆ ಬಂದ ದಿನ ಪೂಜೆಗೆ ಎದುರು ಬರಬೇಡ ಎಂದು ಅವಳನ್ನು ಒಳಗೆ ಕಳಿಸಿದ್ದು ನನಗೆ ನೆನಪಿದೆ. ಅದೇ ಜನ ಹಸು ಕರು ಹಾಕಿದರೆ ಇವಳ ಬಾಗಿಲಿಗೆ ಬರುತ್ತಿದ್ದರು. ಇವಳ ಕೈಗುಣ ಒಳ್ಳೆಯದು, ಇವಳು ಗಿಣ್ಣು ಬಿಟ್ಟರೆ ಹಸು ಕೆಚ್ಚಲು ಬಾವಿಲ್ಲದೆ ಕರೆಯುತ್ತದೆ ಎಂಬ ಮಾತಿತ್ತು. ಹಾಗಾಗಿ ಊರಿನ ಅರ್ಧ ಹಸುಗಳ ಗಿಣ್ಣು ಕಟ್ಟೆಯಣ್ಣನ ಎದೆ ಮುಟ್ಟಿದ್ದು ಇವಳ ಕೈಯಿಂದ. ಇಡೀ ಊರಿನಲ್ಲಿ ಅವಳ ಕೈ ಶುಭವಾಗಿದ್ದ ಜಾಗ ಅದೊಂದೇ.

ಕೆಲವು ವರ್ಷಗಳ ಹಿಂದೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಒಬ್ಬರು ಬಂದು ಆ ಕಲ್ಲಿನ ಪಡಿಯಚ್ಚು ತೆಗೆದರು. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತಿದರು. ಕಪ್ಪು ಕಾಗದದಲ್ಲಿ ಬಿಳಿ ಅಕ್ಷರ ಎದ್ದು ಬಂತು. ಭಾನುವಾರವಾದ್ದರಿಂದ ನಾನೂ ಇದ್ದೆ. ಅವರು ಬೆರಳಿಟ್ಟು ಓದಿ ಅರ್ಥ ಹೇಳಿದರು. ಯಾರೋ ಬಂದು ಊರ ದನಗಳನ್ನು ಹೊಡೆದುಕೊಂಡು ಹೋದರಂತೆ. ಇವನು ಬೆನ್ನಟ್ಟಿ ಹೋಗಿ, ಕಾದಾಡಿ, ದನಗಳನ್ನು ತಿರುಗಿಸಿ ಕಳಿಸಿ, ತಾನು ಅಲ್ಲೇ ಸತ್ತನಂತೆ. ಅವನ ಹೆಸರಿದ್ದ ಮೂಲೆ ಎಂದೋ ಒಡೆದು ಹೋಗಿತ್ತು. ಇಂಥ ಕಲ್ಲುಗಳು ಕೋಲಾರದ ಸುತ್ತ ಹೊಲ ಹೊಲಕ್ಕೂ ಇವೆ, ಆದರೆ ಇನ್ನೂ ಹಾಲು ಕುಡಿಯುವ ಕಲ್ಲು ತಾವು ನೋಡಿಲ್ಲ ಎಂದು ಅವರು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಮಾರನೆಯ ದಿನ ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ.

ಅದಾದ ಮೇಲೆ ಬಂದ ಸಂಕ್ರಾಂತಿಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮೂರಿನ ಹೆಂಗಸರು ಹಬ್ಬದ ದಿನ ಬಾಗಿಲ ಮುಂದೆ ದನಗಳ ಸಾಲಿನ ರಂಗೋಲಿ ಇಡುತ್ತಾರೆ. ಕೊನೆಯ ಹಸುವಿನ ಕತ್ತು ಯಾವಾಗಲೂ ಹಿಂದಕ್ಕೆ ತಿರುಗಿರುತ್ತದೆ. ಯಾಕೆ ಎಂದು ನಾನೂ ಕೇಳಿರಲಿಲ್ಲ, ನನಗೆ ಕಲಿಸಿದವರೂ ಹೇಳಿರಲಿಲ್ಲ. ಬೇತಮಂಗಲದಿಂದ ಬಂದ ನನ್ನ ತಮ್ಮನ ಹೆಂಡತಿ ಮೊದಲ ವರ್ಷ ಎಲ್ಲವನ್ನೂ ಮುಂದಕ್ಕೆ ನೋಡುವಂತೆ ಬಿಡಿಸಿ ನನ್ನ ಸೋದರತ್ತೆಯಿಂದ ಬೈಸಿಕೊಂಡಿದ್ದಳು. ಯಾವನೋ ಶಿಲ್ಪಿ ಕಲ್ಲಿನಲ್ಲಿ ಕೆತ್ತಿದ ಒಂದು ಕತ್ತಿನ ತಿರುವು, ಓದು ಬರಹ ತಿಳಿಯದ ಹೆಂಗಸರ ಬೆರಳಲ್ಲಿ ಇಷ್ಟು ಕಾಲ ಉಳಿದು ಬಂದಿದೆ. ಅದನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಇದೆಲ್ಲ ಚೆನ್ನಾಗಿತ್ತು. ಚೆನ್ನಾಗಿರುವುದನ್ನು ಹಾಗೇ ಬಿಟ್ಟರೆ ಕೆಲವರಿಗೆ ಉಂಡ ಅನ್ನ ಅರಗುವುದಿಲ್ಲ. ಊರಲ್ಲಿ ಜೀರ್ಣೋದ್ಧಾರ ಸಮಿತಿ ಎಂದು ಒಂದು ಹುಟ್ಟಿತು. ಅದರ ಅಧ್ಯಕ್ಷ ವರಸೆಯಲ್ಲಿ ನನಗೆ ಅಣ್ಣ. ಬಂಗಾರಪೇಟೆಯಲ್ಲಿ ಅವನಿಗೆ ಅಂಗಡಿ ಇದೆ. ಯಾವುದರ ಅಂಗಡಿ ಎಂದು ನಾನು ಹೇಳಬೇಕಾಗಿಲ್ಲ. ಕೆಟ್ಟ ಮನುಷ್ಯನಲ್ಲ, ಕಷ್ಟ ಎಂದರೆ ಮೊದಲು ಬೈಕು ತೆಗೆಯುವವನು ಅವನೇ. ಆದರೆ ಒಳ್ಳೆಯ ಮನುಷ್ಯನಿಗೆ ಭಕ್ತಿಯೂ ಸ್ಟಾಕೂ ಒಟ್ಟಿಗೆ ಹೆಚ್ಚಾದರೆ ಊರಿಗೆ ಆಗುವ ಹಾನಿ ಕಳ್ಳನಿಂದ ಆಗುವುದಿಲ್ಲ. ಅವನಿಗೆ ಯಾರೋ ಶಾಸ್ತ್ರ ಹೇಳುವವರು ಹೇಳಿದರಂತೆ: ಕಟ್ಟೆಯ ಮೇಲಿರುವುದು ವೀರಭದ್ರ, ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದೀರಿ, ಮೇಲಾಗಿ ವಿಗ್ರಹ ಭಿನ್ನವಾಗಿದೆ.

ಒಂದು ಭಾನುವಾರ ನಾನು ಊರಿಗೆ ಹೋದಾಗ ಕಟ್ಟೆಯ ಮೇಲೆ ಕಲ್ಲು ಇರಲಿಲ್ಲ. ಅದನ್ನು ಜೆಸಿಬಿಯಲ್ಲಿ ಎತ್ತಿಸಿ ರಸ್ತೆ ಬದಿಗೆ ತಂದಿದ್ದರು. ಬೇವಿನ ಮರದ ಕೆಳಗೆ ಎರಡು ಮರದ ದಿಮ್ಮಿಗಳ ಮೇಲೆ ಅವನನ್ನು ಅಂಗಾತ ಮಲಗಿಸಿದ್ದರು. ಗ್ರೈಂಡರ್‌ನ ಸದ್ದು ಡೇರಿಯ ತನಕ ಕೇಳುತ್ತಿತ್ತು. ಕುಪ್ಪಂ ಕಡೆಯಿಂದ ಬಂದಿದ್ದ ಕಲ್ಲು ಕೆಲಸದವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಎದೆಯ ಮೇಲೆ ಚಕ್ರ ಓಡಿಸುತ್ತಿದ್ದ. ನಾನು ಸ್ಕೂಟರನ್ನು ಸ್ಟ್ಯಾಂಡ್ ಕೂಡ ಹಾಕದೆ ಬಿಟ್ಟು ಓಡಿದೆ. ಹೋಗುವ ಹೊತ್ತಿಗೆ ಎದೆಯ ಎರಡು ಬಾಣವೂ ಇರಲಿಲ್ಲ. ತೊಡೆಯದು ಅರ್ಧ ಹೋಗಿತ್ತು. ಅಂಚಿನ ಅಕ್ಷರಗಳನ್ನು ಮೊದಲೇ ಸಾಪಾಗಿ ಉಜ್ಜಿ ಮುಗಿಸಿದ್ದ. ಆ ಬಿಳಿ ಹೊಳಪನ್ನು ನಾನು ದಿನವೂ ಕಾರ್ಖಾನೆಯಲ್ಲಿ ನೋಡುತ್ತೇನೆ. ಅದು ಬಂತು ಎಂದರೆ ಕೆಳಗಿದ್ದದ್ದು ಮತ್ತೆ ಬರುವುದಿಲ್ಲ.

ನಿಲ್ಲಿಸು ಎಂದು ತೆಲುಗಿನಲ್ಲಿ ಕೂಗಿದೆ. ಅವನು ನಿಲ್ಲಿಸಿದ. ತನಗೆ ಹೇಳಿದ್ದನ್ನು ತಾನು ಮಾಡುತ್ತಿದ್ದೇನೆ, ಬೇಕಾದರೆ ಅಧ್ಯಕ್ಷರನ್ನು ಕೇಳಿ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಧ್ಯಕ್ಷ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನನ್ನನ್ನು ಕಂಡು ಕಾಫಿ ತರಿಸಲು ಹೊರಟ.

ಬಾಣ ಯಾಕೆ ತೆಗೆಸಿದೆ ಎಂದು ಕೇಳಿದೆ.

"ಮೈಮ್ಯಾಲೆ ಬಾಣ ಚುಚ್ಕೊಂಡಿರೋ ದೇವ್ರು ಎಲ್ಲಾನ ಅವ್ನೇನಮ್ಮ?" ಎಂದ. "ಅದು ಭಿನ್ನ. ಅದುಕ್ಕೇ ಈ ಊರು ಏಳ್ಗೆ ಆಗ್ತಿಲ್ಲ."

"ಅವನು ದೇವ್ರಲ್ಲ ಅಣ್ಣ. ಸತ್ತ ಮನುಷ್ಯ. ಬಾಣ ಬಿದ್ದು ಸತ್ತ ಅಂತಾನೇ ಕಲ್ಲು ನೆಟ್ಟಿದ್ದು."

"ಸತ್ತೋನಿಗೆ ಯಾರಾನ ಗುಡಿ ಕಟ್ತಾರಾ?" ಎಂದು ಅವನು ನಕ್ಕ. ಸುತ್ತ ನಿಂತವರೂ ನಕ್ಕರು.

ನನಗೆ ಮೈಯೆಲ್ಲ ಉರಿದು ಹೋಯಿತು. ನಾನು ಅಂದು ಬೇವಿನ ಮರದ ಕೆಳಗೆ ನಿಂತು ಏನೇನು ಅಂದೆನೋ ಎಲ್ಲವೂ ಇಲ್ಲಿ ಬರೆಯುವಂಥದ್ದಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರ ಕಥೆ ಕೇಳಿದ್ದೆವು, ಇವರು ಮನುಷ್ಯನನ್ನು ಅಳಿಸಿ ದೇವರನ್ನು ಮಾಡಲು ಹೊರಟಿದ್ದರು. ಊರವರು ಒಬ್ಬೊಬ್ಬರೇ ಜಾರಿಕೊಂಡರು. ಕಾರ್ಖಾನೆ ಸೇರಿದ ಹೆಣ್ಣಿಗೆ ಊರ ಉಸಾಬರಿ ಯಾಕೆ ಎಂದು ಯಾರೋ ಹಿಂದಿನಿಂದ ಅಂದದ್ದೂ ಕೇಳಿಸಿತು. ರಜೆ ಹಾಕಿ ಕಚೇರಿಗಳಿಗೆ ಅಲೆದೆ. ಆ ಕಲ್ಲು ಸಂರಕ್ಷಿತ ಪಟ್ಟಿಯಲ್ಲಿಲ್ಲವಂತೆ, ಆದ್ದರಿಂದ ಅದಕ್ಕೆ ಏನಾದರೂ ಕೇಳುವವರಿಲ್ಲವಂತೆ. ಪಡಿಯಚ್ಚು ತೆಗೆದವರಿಗೆ ಫೋನ್ ಮಾಡಿದೆ. ಅವರು, ಕಾಗದ ನನ್ನ ಹತ್ತಿರ ಇದೆ ಎಂದಷ್ಟೇ ಹೇಳಿದರು. ಕಾಗದಕ್ಕೆ ಹಾಲು ಬಿಡಲಾಗುತ್ತದೆಯೇ?

ಕ್ವಾರ್ಟರ್ಸ್‌ಗೆ ಬಂದು ಹೇಳಿಕೊಂಡರೆ ಅಲ್ಲಿಯೂ ಅದೇ. ಪಕ್ಕದ ಮನೆಯ ರಾಯಚೂರಿನವರು, ನೆರಳಾಯಿತಲ್ಲ, ದೀಪ ಹಚ್ಚುವವರಾದರಲ್ಲ, ಒಳ್ಳೆಯದೇ ಅಲ್ಲವೇ ಎಂದರು. ಕೆಜಿಎಫ್‌ನಲ್ಲಿ ಇದು ಹೊಸದೇನೂ ಅಲ್ಲ. ನಂದಿದುರ್ಗ ಎಂಬ ಹಳೆಯ ಚಿನ್ನದ ಗಣಿಯ ಲೈನುಗಳಲ್ಲಿ ಕಾರ್ಮಿಕರು ತಲೆಮಾರುಗಟ್ಟಲೆ ಬದುಕಿದ ಮನೆಗಳು ಕುಸಿಯುತ್ತಿವೆ. ನೋಡಲು ಬಂದವರು ಕೇಳುವುದು ಇನ್ನೂ ಚಿನ್ನ ಇದೆಯಾ ಎಂದು ಮಾತ್ರ. ಒಳಗೆ ಇಳಿದವರು ಯಾರು, ಎಷ್ಟು ಜನ ಮೇಲೆ ಬರಲಿಲ್ಲ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹೊಳೆಯುವುದು ಬೇಕು ಇವರಿಗೆ. ಅದನ್ನು ತಂದುಕೊಟ್ಟವನ ಗಾಯ ಬೇಡ. ಕೆರೆಯ ಕಟ್ಟೆಯಲ್ಲೂ ಅದೇ ಬುದ್ಧಿ, ಗಣಿಯ ಬಾಯಲ್ಲೂ ಅದೇ ಬುದ್ಧಿ.

ರಸ್ತೆ ಬದಿಯಲ್ಲೇ ಗುಡಿ ಎದ್ದಿತು. ಕೆಳಗೆ, ಗೋಡೆಗೆ, ಮೆಟ್ಟಿಲಿಗೆ ಎಲ್ಲ ಕಡೆಯೂ ಅಧ್ಯಕ್ಷನ ಅಂಗಡಿಯ ಟೈಲ್ಸ್, ಹೂವಿನ ಡಿಸೈನಿನದು. ಕಲ್ಲು ಗಟ್ಟಿಯಾಗಿ ನಿಲ್ಲಲಿ ಎಂದು ಅದನ್ನು ಮೊಣಕಾಲಿನ ತನಕ ಕಾಂಕ್ರೀಟಿನಲ್ಲಿ ಹೂತಿದ್ದರು. ದನಗಳ ಸಾಲು ಪೂರ್ತಿ ನೆಲದ ಕೆಳಗೆ ಹೋಯಿತು. ಹಿಂದಕ್ಕೆ ನೋಡುತ್ತಿದ್ದ ಹಸುವೂ ಹೋಯಿತು. ಸವೆದ ಮುಖಕ್ಕೆ ಬೆಳ್ಳಿಯ ಮುಖವಾಡ, ಗಿರಿಜಾ ಮೀಸೆ. ಬಿಲ್ಲು ಹಿಡಿದ ಕೈಗೆ ರೇಷ್ಮೆಯ ಬಟ್ಟೆ ಸುತ್ತಿ ಬಿಲ್ಲು ಕಾಣದಂತಾಗಿತ್ತು. ಮುಂದೆ ಸ್ಟೀಲ್ ಗ್ರಿಲ್, ಅದಕ್ಕೆ ಬೀಗ. ಸಂಬಳಕ್ಕೆ ಒಬ್ಬ ಪೂಜಾರಿ ಬಂದ. ಉದ್ಘಾಟನೆಯ ದಿನ ಇಡೀ ಊರಿಗೆ ಊಟ. ನಾನು ಹೋಗಲಿಲ್ಲ. ಅತ್ತೆಯೂ ಹೋಗಲಿಲ್ಲ, ಹಸುವಿಗೆ ದಿನ ತುಂಬಿದೆ, ಬಿಟ್ಟು ಬರಲಾಗುವುದಿಲ್ಲ ಎಂದಳಂತೆ.

ಆ ವಾರದಲ್ಲೇ ಹಸು ಕರು ಹಾಕಿತು. ಹೆಣ್ಣು ಕರು. ತಮ್ಮ ಫೋನ್ ಮಾಡಿದ, ನೀನು ಬಂದರೆ ಒಳ್ಳೆಯದು, ಅತ್ತೆ ಗಿಣ್ಣು ಬಿಡಲು ಹೊಸ ಗುಡಿಗೆ ಹೊರಟಿದ್ದಾಳೆ ಎಂದ. ನಾನು ಶಿಫ್ಟ್ ಬದಲಾಯಿಸಿಕೊಂಡು ಹೋದೆ. ಅತ್ತೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಹಿತ್ತಾಳೆ ಚೊಂಬಿಗೆ ಎಕ್ಕದ ಎಲೆ ಮುಚ್ಚಿಕೊಂಡು ಕಾಯುತ್ತಿದ್ದಳು. ದಾರಿಯಲ್ಲಿ ನಾನು ಏನೇನೋ ಬಯ್ಯುತ್ತಾ ನಡೆದೆ. ಅವಳು, ಜಾಗ ಬದ್ಲಾದ್ರೆ ಅವನು ಬದ್ಲಾಗ್ತಾನಾ, ಸುಮ್ನೆ ಬಾ ಎಂದಳು. ಅವಳು ಅದನ್ನು ನಂಬಿಯೇ ಹೇಳಿದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಗುಡಿಯಲ್ಲಿ ಪೂಜಾರಿಯೂ ಇದ್ದ, ಅಧ್ಯಕ್ಷನೂ ಇದ್ದ. ಅತ್ತೆ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಪೂಜಾರಿ ಚೊಂಬನ್ನು ನೋಡಿ ಏನು ಹಾಲು ಎಂದು ಕೇಳಿದ. ಗಿಣ್ಣು ಎಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಹಸು ಈದ ಮನೆಯ ಹಾಲಿಗೆ ಹತ್ತು ದಿನ ಸೂತಕ, ದೇವರಿಗೆ ಮುಟ್ಟಿಸುವಂತಿಲ್ಲ, ಹತ್ತು ದಿನ ಕಳೆದು ಬಂದರೆ ತಾನೇ ಅಭಿಷೇಕ ಮಾಡುತ್ತೇನೆ, ಈ ಅಮ್ಮ ಕೆಳಗೆ ನಿಂತು ಕೊಡಲಿ ಎಂದ. ದೇವರು ಕೊಟ್ಟರೂ ಪೂಜಾರಿ ಬಿಡ ಎಂಬುದು ಹಳೆಯ ಗಾದೆ. ಇಲ್ಲಿ ದೇವರೂ ಹೊಸಬ, ಪೂಜಾರಿಯೂ ಹೊಸಬ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದಳು. ಅವಳು ಗ್ರಿಲ್ಲಿನ ಸಂದಿನಿಂದ ಒಳಗೆ ನೋಡುತ್ತಿದ್ದಳು. ಬೆಳ್ಳಿಯ ಮುಖ, ಹೂವಿನ ಹಾರ, ನುಣ್ಣನೆಯ ಎದೆ.

"ಬಾಣ ಎಲ್ಲೋದ್ವು?" ಎಂದು ಕೇಳಿದಳು.

ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ನಾಲಗೆ ಎದ್ದಿರಲಿಲ್ಲ. ಅಧ್ಯಕ್ಷ ಮೃದುವಾಗಿಯೇ ಮಾತಾಡಿದ. ಅವಳೆಂದರೆ ಅವನಿಗೂ ಗೌರವವೇ, ಅವನ ಮನೆಯ ಹಸುಗಳ ಗಿಣ್ಣನ್ನೂ ಅವಳು ಎಷ್ಟೋ ಸಲ ಕಟ್ಟೆಗೆ ಬಿಟ್ಟಿದ್ದಾಳೆ. "ಅವುನ್ನೆಲ್ಲ ತೆಗುಸ್ಬುಟ್ವಿ ಅತ್ತೆ. ದೇವ್ರ ಮೈಯಾಗೆ ಗಾಯ ಇರ್ಬಾರ್ದು."

ಅತ್ತೆ ಚೊಂಬಿನ ಮೇಲಿನ ಎಕ್ಕದ ಎಲೆಯನ್ನು ಸರಿಮಾಡಿದಳು.

"ಅಂಗಾರೆ ದನ ಯಾರು ತಂದ್ರು?" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅದನ್ನೇ ಇನ್ನೊಮ್ಮೆ ಕೇಳಲಿಲ್ಲ ಅವಳು. ಚೊಂಬನ್ನು ಸೊಂಟಕ್ಕೆ ಇಟ್ಟುಕೊಂಡು ಮೆಟ್ಟಿಲಿಳಿದಳು. ಆ ಹಾಲನ್ನು ಮನೆಗೆ ತಂದು ಕರುವಿನ ಮುಂದೆ ಇಟ್ಟಳು. ಮಾರನೆಯ ದಿನವೂ ಕರೆಯಲಿಲ್ಲ, ಅದರ ಮಾರನೆಯ ದಿನವೂ ಕರೆಯಲಿಲ್ಲ. ಕರು ಕುಡಿದಷ್ಟು ಕುಡಿಯಲಿ ಎಂದು ಬಿಟ್ಟಳು. ಕೆಚ್ಚಲು ಬಿಗಿಯುತ್ತದೆ ಎಂದು ತಮ್ಮ ಗೋಗರೆದ ಮೇಲೆ ಹಿಂಡಿ ಹೊಂಗೆಮರದ ಬುಡಕ್ಕೆ ಚೆಲ್ಲಿದಳು. ಬಿಡದ ಹಾಲನ್ನು ಕುಡಿಯಲು ತನಗೆ ಆಗುವುದಿಲ್ಲ, ಡೇರಿಗೆ ಹಾಕಲೂ ಆಗುವುದಿಲ್ಲ ಎಂದಳು. ಊರವರು ಮುದುಕಿಗೆ ಅರಳುಮರಳು ಎಂದರು. ಅವರೆಲ್ಲ ಕೆಲವೇ ವಾರಗಳಲ್ಲಿ ಹತ್ತು ದಿನ ಕಾದು, ಪೂಜಾರಿಯ ಕೈಗೆ ಚೊಂಬು ಕೊಟ್ಟು ಬರುವುದನ್ನು ಕಲಿತರು. ಡೇರಿಯ ಸೆಕ್ರೆಟರಿಯೂ ಕಟ್ಟೆಯ ಮಾತು ಬಿಟ್ಟು ಗುಡಿಯಲ್ಲಿ ಆಯಿತಾ ಎಂದು ಕೇಳುತ್ತಿದ್ದ. ಗಿಣ್ಣು ಬಿಡಲು ಅತ್ತೆಯನ್ನು ಕರೆಯಲು ಯಾರೂ ಬರಲಿಲ್ಲ. ಅವಳ ಕೈಗುಣದ ಮಾತು ಎಷ್ಟು ಬೇಗ ನಿಂತು ಹೋಯಿತು ಎಂದು ಯೋಚಿಸಿದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ.

ತಿಂಗಳೊಪ್ಪತ್ತಿನಲ್ಲಿ ಹಸುವನ್ನು ಕರುವಿನ ಸಮೇತ ಮಾರುತ್ತೇನೆ ಎಂದಳು. ನಾನು ಬೇಡ ಎಂದೆ, ಜಗಳ ಮಾಡಿದೆ, ಆ ಗ್ರಿಲ್ಲನ್ನು ಗಡಾರಿ ಹಾಕಿ ಮೀಟುತ್ತೇನೆ ಎಂದೆ. ಅವಳು ಕೇಳಿಸಿಕೊಂಡಳು, ಹಸುವಿಗೆ ಹುಲ್ಲು ಹಾಕಲು ಎದ್ದು ಹೋದಳು. ಬೇತಮಂಗಲದ ಕಡೆಯವನೊಬ್ಬ ಟೆಂಪೋ ತೆಗೆದುಕೊಂಡು ಬಂದ. ಹಸುವಿನ ಹಲ್ಲು ನೋಡಿದ, ಕೆಚ್ಚಲು ಮುಟ್ಟಿ ನೋಡಿದ, ಏನೂ ಐಬು ಕಾಣಲಿಲ್ಲ. ಐಬಿಲ್ಲದ ಹಸುವನ್ನು ಮಾರುತ್ತಾರೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಹಗ್ಗ ಕೈಗೆ ತೆಗೆದುಕೊಳ್ಳುವ ಮುಂಚೆ ಅವನು ಅತ್ತೆಯನ್ನೇ ಕೇಳಿದ, ಇಷ್ಟು ಒಳ್ಳೆಯ ಹಸು ಯಾಕಮ್ಮ ಕೊಡುತ್ತಿದ್ದೀಯಾ ಎಂದು.

ಅತ್ತೆ ಹಸುವಿನ ಗಂಗೆದೊಗಲನ್ನು ಒಮ್ಮೆ ಸವರಿ ಹಗ್ಗವನ್ನು ಅವನ ಕೈಗಿಟ್ಟಳು.

"ನಮ್ಮೂರಾಗೆ ದನ ಕಾಯೋನು ಇಲ್ಲ ಕಣಪ್ಪ," ಎಂದಳು.